ನೆಫಾಸಿತ್ ದಾಟಿದ ಮೇಲೆ

ಅಸ್ಮಾರಾದಲ್ಲಿ ಈ ಕಾರಿಗೆ ಹೆಸರಿಡುವುದಿಲ್ಲ,
ಅಂಕಿಯಿಂದಲೇ ಕರೆಯುತ್ತೇವೆ: ಸೆಯ್ಚೆಂತೊ, ಆರುನೂರು.
ನನ್ನದು ತಿಳಿಹಸಿರು. ಎಡಬಾಗಿಲು ಮಾತ್ರ ನೀಲಿ,
ಸತ್ತುಹೋದ ಇನ್ನೊಂದು ಆರುನೂರರಿಂದ ಬಂದದ್ದು.

ಕೊಟ್ಟವನು ದರ್ಜಿ ಹಬ್ತೊಮ್.
"ನಾಲ್ಕು ಹೆರಿಗೆಯ ಬಾಕಿ, ಲೆತೆಬ್ರಹಾನ್, ಇವತ್ತಿಗೆ ಚುಕ್ತಾ"
ಎಂದು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು
ಬೆರಳು ಮಡಚಿ ಮುಚ್ಚಿದ.
ತನ್ನ ತಲೆನೋವನ್ನೇ ನನಗೆ ದಾಟಿಸಿದನೆಂದು
ಎರಡು ವರ್ಷ ಅವನನ್ನು ಮನಸಾರೆ ಬೈದಿದ್ದೇನೆ.

ಏಕೆಂದರೆ ಇದರ ಕಾಯಿಲೆ ವಿಚಿತ್ರ.
ಮಸ್ಸಾವಾದ ಉಪ್ಪುಬಿಸಿಲಿನಲ್ಲಿ ಹೇಳಿದ ಹಾಗೆ ಕೇಳುತ್ತದೆ,
ಗಿಂದಾದಲ್ಲಿ ಕಿತ್ತಳೆಗೆಂದು ನಿಲ್ಲಿಸಿದರೂ ಮುನಿಸಿಲ್ಲ.
ನೆಫಾಸಿತ್ ದಾಟಿ, ಮೋಡ ರಸ್ತೆಗಿಂತ ಕೆಳಗುಳಿದು,
ಏಳನೆಯದೋ ಎಂಟನೆಯದೋ ತಿರುವಿನಲ್ಲಿ
ಎರಡು ಸಲ ಬಿಕ್ಕುತ್ತದೆ.
ಆಮೇಲೆ ಬರೀ ಗಾಳಿಯ ಸದ್ದು.
ಕಲ್ಲಿನ ಮೇಲೆ ಕೂತು
ಮಂಗಗಳಿಗೆ ಸಿಪ್ಪೆ ಎಸೆಯುತ್ತಾ ಇಪ್ಪತ್ತು ನಿಮಿಷ ಕಳೆದರೆ
ಏನೂ ಆಗಿಯೇ ಇಲ್ಲವೆಂಬಂತೆ ಹೊರಡುತ್ತದೆ, ಕಳ್ಳಿ.

ಶನಿವಾರ ಬಾರಿನ ಹೊರಗೆ, ಮಚ್ಚಿಯಾತೊ ಲೋಟಗಳ ನಡುವೆ
ಪಂಚಾಯಿತಿ ಸೇರಿತು.
ನಲವತ್ತು ವರ್ಷ ಬಸ್ಸುಗಳ ಹೊಟ್ಟೆಯಡಿ ಮಲಗಿದ ವೊಲ್ದು
"ಬಿಸಿ" ಅಂದ. "ಥರ್ಮೋಸ್ಟಾಟ್ ಕಿತ್ತು ಬಿಸಾಡು."
ಭೂಗೋಳದ ಮೇಷ್ಟ್ರು ಓಖ್ಬಾಯ್
ಮೇಜಿನ ಮೇಲೆ ಸಕ್ಕರೆ ಸುರಿದು ಬೆಟ್ಟ ಮಾಡಿ
"ಎತ್ತರ" ಅಂದ. "ಗಾಳಿ ತೆಳು. ಜೆಟ್ ಸಣ್ಣದಾಗಬೇಕು."
ಫೆಸ್ಸಹಾಯೆ ಮಾತಿನವನಲ್ಲ, ಮೂಸುವವನು.
ಸ್ಪಾರ್ಕ್ ಪ್ಲಗ್ಗನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ,
ಕಾಫಿ ಹುರಿಯುವಾಗ ಹೊಗೆ ಎಳೆದುಕೊಳ್ಳುವ ಅತ್ತೆಯ ಹಾಗೆ.

ಥರ್ಮೋಸ್ಟಾಟ್ ಹೋಯಿತು. ಕಂಡೆನ್ಸರ್ ಬಂತು.
ತೈಲದ ಪೀಪಾಯಿ ಬಡಿದು ಒಲೆ ಮಾಡುವ ಮೆದೆಬೆರ್ ಸಂತೆಯಲ್ಲಿ
ಹಳೆಯ ನಲ್ಲಿಯೊಂದರಿಂದ ಜೆಟ್ ಕಡೆಸಿದೆವು.
ಪೆಟ್ರೋಲ್ ಪಂಪಿಗೆ ಒದ್ದೆಬಟ್ಟೆ ಸುತ್ತಿದೆವು,
ಜ್ವರದ ಮಗುವಿನ ಹಣೆಗೆ ಸುತ್ತಿದಂತೆ.
ರೋಗಕ್ಕಿಂತ ಮದ್ದಿನ ಪಟ್ಟಿ ಉದ್ದವಾಯಿತು.
ತಿರುವು ಮಾತ್ರ ಅದೇ.

ಕೊನೆಗೆ ಮೂವರೂ ಜೊತೆಗೇ ಬಂದರು.
ಮೊಣಕಾಲು ಗದ್ದಕ್ಕೆ ತಾಗಿಸಿ, ಬ್ರೆಡ್ಡು ತಿನ್ನುತ್ತಾ,
ಎರಡನೇ ಗೇರಿನಲ್ಲಿ, ಸ್ವರ್ಗಕ್ಕೆ ಹೊರಟವರ ಹಾಗೆ.
ಎಂಟನೆಯ ತಿರುವು. ಬಿಕ್ಕು. ಬಿಕ್ಕು.
ವೊಲ್ದು, ಓಖ್ಬಾಯ್ ಹಿಂದಕ್ಕೆ ಓಡಿದರು,
ಇದರ ಎಂಜಿನ್ ಇರುವುದೇ ಬೆನ್ನಲ್ಲಿ.
ಬಿಸಿಯೋ ಎತ್ತರವೋ ಎಂದು ಅಲ್ಲೇ ಜಗಳ.
ಫೆಸ್ಸಹಾಯೆ ಮುಂದಕ್ಕೆ ನಡೆದ.
ಮುಂದಿರುವುದು ಬರೀ ಟ್ಯಾಂಕು, ನನ್ನ ಕಿತ್ತಳೆಬುಟ್ಟಿ.
ಮುಚ್ಚಳ ತಿರುಗಿಸಿದ.

ಟ್ಯಾಂಕು ಉಸಿರು ಬಿಡಲಿಲ್ಲ,
ಒಳಕ್ಕೆ ಎಳೆದುಕೊಂಡಿತು.
ಆ ಸದ್ದು ನನಗೆ ಗೊತ್ತು. ಅಳುವಿಗೂ ಮುಂಚಿನದು ಅದು,
ನೀಲಿಗಟ್ಟಿದ ಮೈ ಕೆಂಪಗಾಗುವ ಮುಂಚಿನದು.
ಮೂವತ್ತೆಂಟು ವರ್ಷ ರಾತ್ರಿ ರಾತ್ರಿ
ನಾನು ಕಾದದ್ದು ಅದೊಂದು ಸದ್ದಿಗೇ.

ಮುಚ್ಚಳದ ಒಳಗೆ ಟ್ಯೂಬಿನ ರಬ್ಬರು, ದುಂಡಗೆ ಕತ್ತರಿಸಿದ್ದು.
ಅದರಡಿ ಗುಂಡುಸೂಜಿಯ ತಲೆಯಷ್ಟು ತೂತು, ಉಸಿರಿಗೆ ಬಿಟ್ಟದ್ದು.
ಪೆಟ್ರೋಲು ಚೀಟಿಯ ಮೇಲೆ ಸಿಗುವ ಕಾಲ,
ಹನಿಯೂ ಆವಿಯಾಗಿ ಪೋಲಾಗಬಾರದೆಂದು
ಬಿಗಿಯಾಗಿ ಅಮುಕಿ ಮುಚ್ಚಿದ್ದೆ.

"ಯಾರು ಮಾಡಿದ ಘನಕಾರ್ಯ?" ಓಖ್ಬಾಯ್ ಕೇಳಿದ.
"ಆ ದರ್ಜಿ" ಎಂದೆ.
ಫೆಸ್ಸಹಾಯೆ ರಬ್ಬರಿನ ಅಂಚನ್ನು ನೋಡಿದ,
ಹೊಕ್ಕುಳಬಳ್ಳಿಯ ಕತ್ತರಿಯ ನುಣುಪು ಅಂಚು.
ನನ್ನನ್ನು ನೋಡಿದ. ಜೇಬಿಗೆ ಹಾಕಿಕೊಂಡ.

ಉಳಿದ ತಿರುವುಗಳನ್ನು ಒಂದೇ ಉಸಿರಿಗೆ ಹತ್ತಿದೆವು,
ವೊಲ್ದು ತಾನು ಹೇಳಿದ್ದೂ ಇದನ್ನೇ ಎಂದು ಸಾಧಿಸುತ್ತಾ.

ಮರುದಿನ ಹಬ್ತೊಮನ ಅಂಗಡಿಗೆ
ಎರಡು ಕಿಲೋ ಕಿತ್ತಳೆ ಒಯ್ದೆ.
ಹೊಲಿಗೆಯ ಯಂತ್ರ ನಿಲ್ಲಿಸಿ, ಕನ್ನಡಕದ ಮೇಲಿಂದ ಹೆದರಿ ನೋಡಿ,
"ಏನಮ್ಮಾ," ಅಂದ, "ಐದನೆಯದು ಯಾವುದಾದರೂ
ಲೆಕ್ಕಕ್ಕೆ ಬಿಟ್ಟುಹೋಗಿತ್ತೇ?"